ಪಾಷಂಡವಾದ: ಗಂಜಾಂ ಚರ್ಚ್ ನೆನಪಿಸುವ ಹಳೆಯ ಪ್ರಶ್ನೆ

ಶ್ರೀರಂಗಪಟ್ಟಣ: ಮಂಡ್ಯ ಜಿಲ್ಲೆಯ ಉತ್ತರ ಮತ್ತು ಪಶ್ಚಿಮ ಭಾಗದ ತಾಲ್ಲೂಕುಗಳ ಧಾರ್ಮಿಕ ಇತಿಹಾಸ ಎಂದೊಡನೆ ನಾಡಿನ ಜನರಿಗೆ ನೆನಪಾಗುವುದು ಶ್ರೀರಂಗಪಟ್ಟಣದ ರಂಗನಾಥ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಚೆಲುವನಾರಾಯಣ, ನಾಗಮಂಗಲದ ಸೌಮ್ಯಕೇಶವ, ಅದೇ ತಾಲ್ಲೂಕಿನ ಕಂಬದಹಳ್ಳಿಯ ಜೈನ ಬಸದಿಗಳು ಹಾಗೂ ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿನ ಹೊಯ್ಸಳ ದೇಗುಲ. ಇದೇ ನೆಲದಲ್ಲಿ ಕ್ರೈಸ್ತ ಧರ್ಮದ ಅತಿ ಕಠಿಣ ಪ್ರಶ್ನೆಯೊಂದು ಪರೀಕ್ಷೆಗೆ ಒಳಗಾಗಿತ್ತು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ದರಿಯಾ ದೌಲತ್‌ ಮತ್ತು ಗುಂಬಜ್‌ ನೋಡಲು ಬರುವ ಪ್ರವಾಸಿಗರು ಹಾದುಹೋಗುವ ಗಂಜಾಂನಲ್ಲಿ, ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಪುಟ್ಟ ಚರ್ಚ್ ಆ ಅಧ್ಯಾಯದ ಸಾಕ್ಷಿಯಾಗಿದೆ.

ಪ್ರಶ್ನೆ ಇಷ್ಟೇ: ಪ್ರಾಣಭಯದಿಂದ ಧರ್ಮವನ್ನು ಬಿಟ್ಟವನು ಮರಳಿ ಬಂದು ಬಾಗಿಲು ತಟ್ಟಿದರೆ ಏನು ಮಾಡಬೇಕು? ಒಳಗೆ ಕರೆದುಕೊಳ್ಳಬೇಕೇ ಅಥವಾ ಶಾಶ್ವತವಾಗಿ ಹೊರಗೇ ನಿಲ್ಲಿಸಬೇಕೇ? 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಎದ್ದ ಈ ಪ್ರಶ್ನೆ ಅದಕ್ಕೂ ಒಂದೂವರೆ ಸಾವಿರ ವರ್ಷಗಳ ಹಿಂದೆ ರೋಮ್ ಮತ್ತು ಉತ್ತರ ಆಫ್ರಿಕದ ಕ್ರೈಸ್ತರನ್ನು ಸೀಳಿತ್ತು. ಅಲ್ಲಿ 'ಒಳಗೆ ಬಿಡಕೂಡದು' ಎಂದವರೇ ಕೊನೆಗೆ ಧರ್ಮಸಭೆಯಿಂದ ಹೊರಗಾದರು ಎಂಬುದು ಗಮನಾರ್ಹ. ಪಾಷಂಡವಾದ ಅಥವಾ ಭಿನ್ನಮತ ಎಂದರೆ ಕಟ್ಟಳೆ ಮೀರಿದವರ ದಾರಿ ಎಂಬುದು ಸಾಮಾನ್ಯ ನಂಬಿಕೆ. ಕಥೋಲಿಕ ಧರ್ಮಸಭೆಯ ಇತಿಹಾಸವನ್ನು ಕೆದಕಿದರೆ ಕಟ್ಟಳೆಯನ್ನು ಅತಿಯಾಗಿ ಬಿಗಿದವರೂ ಅದೇ ಪಟ್ಟಿಯಲ್ಲಿ ಕಾಣಸಿಗುತ್ತಾರೆ.

ಮೂರು ಪದ, ಮೂರು ಅರ್ಥ

ಪಾಷಂಡವಾದವನ್ನು ಸೂಚಿಸುವ ಗ್ರೀಕ್ ಪದ 'ಹೈರೆಸಿಸ್'. ಅದರ ಮೂಲ ಅರ್ಥ 'ಆಯ್ಕೆ'. ತತ್ವಶಾಸ್ತ್ರದ ಒಂದು ಶಾಲೆ, ಒಂದು ಪಂಥ ಎಂಬ ಅರ್ಥದಲ್ಲಿ ಅದು ಬಳಕೆಯಲ್ಲಿತ್ತು. ನಿಂದೆಯ ಛಾಯೆ ಸೇರಿಕೊಂಡದ್ದು ನಂತರ. ನಮ್ಮ 'ಪಾಷಂಡ' ಪದದ ಕಥೆಯೂ ಹೀಗೆಯೇ ಇದೆ. ಅಶೋಕನ ಶಾಸನಗಳಲ್ಲಿ 'ಪಾಷಂಡ' ಎಂದರೆ ಕೇವಲ ಪಂಥ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಶಾಸನಗಳಲ್ಲಿ ಆತನ 12ನೇ ಶಿಲಾಶಾಸನವೂ ಸೇರಿದ್ದು, ಎಲ್ಲ ಪಾಷಂಡಗಳನ್ನೂ ಗೌರವಿಸಬೇಕು ಎಂಬುದೇ ಅದರ ತಿರುಳು. ಶತಮಾನಗಳು ಉರುಳಿದಂತೆ ಎರಡೂ ಭಾಷೆಗಳಲ್ಲಿ ಪಂಥವನ್ನು ಸೂಚಿಸುವ ಪದ ಬೈಗುಳವಾಯಿತು.

ಕಥೋಲಿಕರ ಈಗಿನ ಧರ್ಮಸಭಾ ಕಾನೂನು ಸಂಹಿತೆ ಜಾರಿಗೆ ಬಂದದ್ದು 1983ರಲ್ಲಿ. ಅದರ 751ನೇ ನಿಯಮ ಮೂರು ತಪ್ಪುಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ದೀಕ್ಷಾಸ್ನಾನ ಪಡೆದವನು ನಂಬಲೇಬೇಕಾದ ಸತ್ಯವೊಂದನ್ನು ಹಟ ಹಿಡಿದು ನಿರಾಕರಿಸಿದರೆ ಅಥವಾ ಶಂಕಿಸಿದರೆ ಅದು ಪಾಷಂಡವಾದ. ಕ್ರೈಸ್ತ ವಿಶ್ವಾಸವನ್ನೇ ಪೂರ್ತಿಯಾಗಿ ತೊರೆದರೆ ಅದು ಧರ್ಮತ್ಯಾಗ. ವಿಶ್ವಾಸದಲ್ಲಿ ವ್ಯತ್ಯಾಸವಿರದೆ, ಪೋಪ್ ಅವರ ಅಧಿಕಾರಕ್ಕೆ ಅಥವಾ ಅವರ ಅಧೀನದಲ್ಲಿರುವ ಸಮುದಾಯದ ಒಗ್ಗಟ್ಟಿಗೆ ಒಳಪಡಲು ಒಪ್ಪದಿದ್ದರೆ ಅದು ಒಡಕು.

ಇಲ್ಲಿ ಎರಡು ಅಂಶಗಳನ್ನು ಮುಖ್ಯವಾಗಿ ಗಮನಿಸಬೇಕು. ಮೊದಲನೆಯದು, ದೀಕ್ಷಾಸ್ನಾನ ಪಡೆಯದ ಹಿಂದೂ, ಮುಸ್ಲಿಂ ಅಥವಾ ಜೈನ ವ್ಯಕ್ತಿ ಈ ಕಾನೂನಿನ ಪ್ರಕಾರ ಎಂದಿಗೂ ಪಾಷಂಡಿಯಾಗಲಾರ. ಅದು ಮನೆಯೊಳಗಿನವರ ಜಗಳಕ್ಕೆ ಇಟ್ಟ ಹೆಸರು. ಎರಡನೆಯದು 'ಹಟ ಹಿಡಿದು' ಎಂಬ ಮಾತು. ತಿಳಿಯದೆ ತಪ್ಪು ನಂಬಿದವನು, ತಿದ್ದಿದೊಡನೆ ಒಪ್ಪಿಕೊಳ್ಳುವವನು ಪಾಷಂಡಿಯಲ್ಲ. ಭಯದಿಂದ ಬಾಯಿಮಾತಿಗೆ ಧರ್ಮ ಬಿಟ್ಟವನ ವಿಷಯದಲ್ಲೂ ಕಾನೂನು ಮೃದುವಾಗಿದೆ. ಮಹಾಭಯಕ್ಕೆ ಒಳಗಾಗಿ ತಪ್ಪು ಮಾಡಿದವನಿಗೆ ಶಿಕ್ಷೆಯನ್ನು ತಗ್ಗಿಸಬೇಕು, ತಾನಾಗಿಯೇ ತಗಲುವ ಬಹಿಷ್ಕಾರ ಅವನಿಗೆ ತಗಲದು ಎಂದು 1324ನೇ ನಿಯಮ ಹೇಳುತ್ತದೆ. ಈ ಮೃದುತ್ವ ಒಂದು ದಿನದಲ್ಲಿ ಬಂದದ್ದಲ್ಲ. ಅದಕ್ಕಾಗಿ ಧರ್ಮಸಭೆ ದೊಡ್ಡ ಬೆಲೆ ತೆತ್ತಿದೆ.

ವಿಶ್ವಾಸಪ್ರಮಾಣ ಹುಟ್ಟಿದ ಬಗೆ

ಮೊದಲ ಶತಮಾನಗಳ ಬಹುತೇಕ ಭಿನ್ನಮತಗಳು 'ಯೇಸುಕ್ರಿಸ್ತ ಯಾರು?' ಎಂಬ ಪ್ರಶ್ನೆಯ ಸುತ್ತ ಬೆಳೆದವು. ಜಡ ಜಗತ್ತೇ ಕೆಟ್ಟದ್ದು, ಆದ್ದರಿಂದ ದೇವರು ನಿಜವಾದ ಮಾನವದೇಹ ಧರಿಸಿರಲಾರ ಎಂದು ಜ್ಞಾನವಾದಿ ಪಂಥಗಳು ಬೋಧಿಸಿದವು. ಕ್ರಿ.ಶ. 144ರ ಸುಮಾರಿಗೆ ರೋಮ್‌ನಲ್ಲಿ ಬಹಿಷ್ಕೃತನಾದ ಮಾರ್ಸಿಯನ್, ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸು ತೋರಿದ ದೇವರೇ ಬೇರೆ ಎಂದು ವಾದಿಸಿದ. ಯಾವ ಗ್ರಂಥಗಳು ಪವಿತ್ರ ಎಂಬ ಪಟ್ಟಿಯನ್ನು ಖಚಿತಗೊಳಿಸಬೇಕಾದ ಒತ್ತಡ ಧರ್ಮಸಭೆಗೆ ಬಂದದ್ದಕ್ಕೆ ಆತನ ವಾದವೂ ಒಂದು ಕಾರಣ.

ನಾಲ್ಕನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಗುರು ಆರಿಯಸ್, ದೇವಪುತ್ರನೂ ಸೃಷ್ಟಿಯಾದವನೇ, ಅವನಿಲ್ಲದ ಕಾಲವೊಂದಿತ್ತು ಎಂದು ಬೋಧಿಸಿದ. 325ರ ನೈಸಿಯ ಮಹಾಸಭೆ ಇದನ್ನು ತಳ್ಳಿಹಾಕಿ, ಪುತ್ರನು ಪಿತನೊಡನೆ ಏಕಸತ್ವನು ಎಂದು ಘೋಷಿಸಿತು. ಆದರೂ ವಿವಾದ ಅರ್ಧ ಶತಮಾನ ಮುಂದುವರಿಯಿತು. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ನಂತರವಷ್ಟೇ ಸಾಮ್ರಾಜ್ಯದೊಳಗೆ ಅದು ತಣ್ಣಗಾಯಿತು. ನೈಸಿಯ ಸಭೆಗೆ 2025ರಲ್ಲಿ 1,700 ವರ್ಷ ತುಂಬಿತು. ಭಾನುವಾರದ ಬಲಿಪೂಜೆಯಲ್ಲಿ ಕಥೋಲಿಕರು ಹೇಳುವ ನೈಸಿಯ ವಿಶ್ವಾಸಪ್ರಮಾಣ ಆ ವಿವಾದದ ಫಲವೇ ಆಗಿದೆ. ಭಿನ್ನಮತಗಳು ತಲೆಯೆತ್ತಿದಾಗಲೆಲ್ಲ ಧರ್ಮಸಭೆ ತನ್ನ ನಂಬಿಕೆಯನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಲು ಕಲಿಯಿತು ಎಂಬುದು ಕಥೋಲಿಕ ಚಿಂತಕರ ಹಳೆಯ ಅಭಿಪ್ರಾಯ.

ಬಿದ್ದವರ ಪ್ರಶ್ನೆ

ಶ್ರೀರಂಗಪಟ್ಟಣಕ್ಕೆ ನೇರವಾಗಿ ಸಂಬಂಧಿಸಿದ ವಿವಾದ ಮಾತ್ರ ಸಿದ್ಧಾಂತದ ಗ್ರಂಥಗಳಿಂದ ಹುಟ್ಟಿದ್ದಲ್ಲ; ಸಾಮಾನ್ಯ ಜನರ ಭಯದಿಂದ ಹುಟ್ಟಿದ್ದು. ರೋಮನ್ ಚಕ್ರವರ್ತಿ ಡೇಸಿಯಸ್ 250ರ ವೇಳೆಗೆ, ಪ್ರಜೆಗಳೆಲ್ಲರೂ ಸಾಮ್ರಾಜ್ಯದ ದೇವತೆಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಅಂತಹ ಹಲವು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ದೊರೆತಿವೆ. ಕೆಲವು ಕ್ರೈಸ್ತರು ಪ್ರಾಣ ತೆತ್ತರು. ಬಹಳಷ್ಟು ಜನ ಬಲಿ ಅರ್ಪಿಸಿದರು, ಕೆಲವರು ಧೂಪ ಹಾಕಿದರು. ಇನ್ನು ಕೆಲವರು ಬಲಿ ಅರ್ಪಿಸದೆಯೇ ಲಂಚ ಕೊಟ್ಟು ಪತ್ರ ಕೊಂಡುಕೊಂಡರು. ಇವರೆಲ್ಲರಿಗೂ 'ಲಾಪ್ಸಿ', ಅಂದರೆ 'ಬಿದ್ದವರು' ಎಂಬ ಹೆಸರು ಬಂತು.

ಹಿಂಸೆ ತಗ್ಗಿದ ಮೇಲೆ ಬಿದ್ದವರು ಕಣ್ಣೀರಿಡುತ್ತ ಮರಳಿದರು. ಕಾರ್ತೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್ ನಡುದಾರಿ ಹಿಡಿದರು. ಪ್ರತಿಯೊಬ್ಬರ ಪ್ರಕರಣವನ್ನೂ ಬೇರೆ ಬೇರೆಯಾಗಿ ನೋಡಬೇಕು; ಪತ್ರ ಕೊಂಡವನೂ ಬಲಿ ಅರ್ಪಿಸಿದವನೂ ಒಂದೇ ಅಲ್ಲ; ಪ್ರಾಯಶ್ಚಿತ್ತವಿಲ್ಲದೆ ಸೇರಿಸಿಕೊಳ್ಳುವುದೂ ತಪ್ಪು, ಎಂದೆಂದಿಗೂ ಸೇರಿಸಿಕೊಳ್ಳದಿರುವುದೂ ತಪ್ಪು ಎಂಬುದು ಅವರ ನಿಲುವಾಗಿತ್ತು. ಹಿಂಸೆಯ ಕಾಲದಲ್ಲಿ ಸ್ವತಃ ಅಡಗಿಕೊಂಡಿದ್ದ ಸಿಪ್ರಿಯನ್ ಮುಂದೆ 258ರಲ್ಲಿ ಹುತಾತ್ಮರಾದರು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ರೋಮ್‌ನ ಗುರು ನೊವೇಷಿಯನ್ ಇದಕ್ಕೆ ಒಪ್ಪಲಿಲ್ಲ. ತ್ರಿತ್ವವನ್ನು ಕುರಿತು ಗ್ರಂಥ ರಚಿಸಿದ್ದ ಪಂಡಿತ ಆತ. ಧರ್ಮ ಬಿಟ್ಟವನನ್ನು ಕ್ಷಮಿಸುವ ಅಧಿಕಾರ ಧರ್ಮಸಭೆಗೆ ಇಲ್ಲ, ಅದು ದೇವರಿಗೇ ಬಿಟ್ಟದ್ದು ಎಂದು ಪಟ್ಟು ಹಿಡಿದ. 251ರಲ್ಲಿ ಪೋಪ್ ಕಾರ್ನೇಲಿಯಸ್ ಅವರಿಗೆ ಎದುರಾಗಿ ತಾನೇ ಧರ್ಮಾಧ್ಯಕ್ಷನೆಂದು ಅಭಿಷೇಕ ಮಾಡಿಸಿಕೊಂಡ. ಆತನ ಅನುಯಾಯಿಗಳು ತಮ್ಮನ್ನು 'ಶುದ್ಧರು' ಎಂದು ಕರೆದುಕೊಂಡರು. ಅದೇ ವರ್ಷ ರೋಮ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ಅವನನ್ನು ಬಹಿಷ್ಕರಿಸಿತು. ಹೀಗೆ ಬಿದ್ದವರು ಒಳಗೆ ಬಂದರು. ಅವರನ್ನು ತಡೆದವನು ಹೊರಗಾದ.

ಅರ್ಧ ಶತಮಾನದ ನಂತರ ಇದೇ ಗಾಯ ಮತ್ತೆ ತೆರೆಯಿತು. 303ರಲ್ಲಿ ಚಕ್ರವರ್ತಿ ಡಯೋಕ್ಲಿಷಿಯನ್ ಕ್ರೈಸ್ತರ ಪವಿತ್ರ ಗ್ರಂಥಗಳನ್ನು ಸುಡುವಂತೆ ಆಜ್ಞಾಪಿಸಿದಾಗ ಕೆಲವು ಗುರುಗಳು ಗ್ರಂಥಗಳನ್ನು ಒಪ್ಪಿಸಿಬಿಟ್ಟರು. ಅಂತಹ ಗುರುವಿನಿಂದ ಪಡೆದ ಸಂಸ್ಕಾರಕ್ಕೆ ಬೆಲೆಯೇ ಇಲ್ಲ ಎಂದು ವಾದಿಸಿದವರು ಉತ್ತರ ಆಫ್ರಿಕದ ಡೊನಾಟಿಸ್ಟರು. 314ರ ಆರ್ಲ್ ಸಭೆ ಈ ವಾದವನ್ನು ತಿರಸ್ಕರಿಸಿತು. ಸಂಸ್ಕಾರದ ಫಲ ಅದನ್ನು ನೀಡುವ ಗುರುವಿನ ಯೋಗ್ಯತೆಯಿಂದಲ್ಲ, ಕ್ರಿಸ್ತನಿಂದ ಬರುತ್ತದೆ ಎಂಬ ಸಿದ್ಧಾಂತವನ್ನು ಸಂತ ಅಗಸ್ಟಿನ್ ಮುಂದೆ ವಿಸ್ತಾರವಾಗಿ ಬೆಳೆಸಿದರು. ಗುರು ಕೆಟ್ಟವನಾದರೂ ಅವನು ಕೊಟ್ಟ ದೀಕ್ಷಾಸ್ನಾನ ಕೆಡುವುದಿಲ್ಲ, ದೀಕ್ಷಾಸ್ನಾನ ಪಡೆದವನು ಧರ್ಮ ಬಿಟ್ಟರೂ ಅದರ ಮುದ್ರೆ ಅಳಿಯುವುದಿಲ್ಲ ಎಂಬ ಕಥೋಲಿಕ ಬೋಧನೆಯ ಬೇರು ಇಲ್ಲಿದೆ.

ನೈಸಿಯ ಸಭೆಯ ನಿಯಮಗಳಲ್ಲೂ ಈ ವಿಚಾರ ಬಂದಿದೆ. ಆಸ್ತಿ ಕಳೆದುಕೊಳ್ಳುವ ಭೀತಿಯಾಗಲಿ, ಪ್ರಾಣಾಪಾಯವಾಗಲಿ, ಯಾವ ಬಲವಂತವೂ ಇಲ್ಲದೆ ಧರ್ಮ ಬಿಟ್ಟವರಿಗೂ ಅದರ 11ನೇ ನಿಯಮ ಬಾಗಿಲು ಮುಚ್ಚಲಿಲ್ಲ. ಒಟ್ಟು 12 ವರ್ಷಗಳ ಪ್ರಾಯಶ್ಚಿತ್ತವನ್ನು ವಿಧಿಸಿತು. ಬಲವಂತಕ್ಕೆ ಒಳಗಾದವರನ್ನೂ ಸ್ವಇಚ್ಛೆಯಿಂದ ಹೋದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ವಿವೇಕ ಅಂದೇ ದಾಖಲಾಗಿತ್ತು.

1784ರಿಂದ 1799

ಈ ಹಿನ್ನೆಲೆಯಲ್ಲಿ ಶ್ರೀರಂಗಪಟ್ಟಣದ ಘಟನೆಯನ್ನು ನೋಡಬೇಕು. ಎರಡನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರು ಎಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ 1784ರಲ್ಲಿ ಕೆನರಾ ಪ್ರದೇಶದ ಕೊಂಕಣಿ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 30 ಸಾವಿರದಿಂದ 60 ಸಾವಿರದವರೆಗೆ ಬೇರೆ ಬೇರೆ ಲೆಕ್ಕಗಳಿವೆ. ದಾರಿಯಲ್ಲಿ ಮತ್ತು ಸೆರೆಯಲ್ಲಿ ಅನೇಕರು ಸತ್ತರು. ಬಹಳಷ್ಟು ಮಂದಿಯನ್ನು ಇಸ್ಲಾಂಗೆ ಮತಾಂತರಿಸಲಾಯಿತು, ಯುವಕರನ್ನು ಸೈನ್ಯಕ್ಕೆ ಸೇರಿಸಲಾಯಿತು.

ಟಿಪ್ಪುವಿನ ಧಾರ್ಮಿಕ ನೀತಿ ಇಂದಿಗೂ ಚರ್ಚೆಯ ವಸ್ತು. ಶೃಂಗೇರಿ ಮಠಕ್ಕೆ ಆತ ನೀಡಿದ ನೆರವು ದಾಖಲೆಯಲ್ಲಿದೆ. ಕೆನರಾ ಕ್ರೈಸ್ತರ ಸೆರೆಯೂ ದಾಖಲೆಯಲ್ಲಿದೆ. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಚುವುದು ಇತಿಹಾಸಕ್ಕೆ ಎಸಗುವ ಅಪಚಾರ. ಸೆರೆಯಾದ ಸಮುದಾಯದ ಪಾಲಿಗಂತೂ ಆ 15 ವರ್ಷಗಳು ಒಂದು ಇಡೀ ತಲೆಮಾರಿನ ಬದುಕಾಗಿದ್ದವು. ಸೆರೆಯಲ್ಲೇ ಮಕ್ಕಳು ಹುಟ್ಟಿ ಬೆಳೆದರು.

1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಹತನಾದ. ಸೆರೆಯಿಂದ ಬಿಡುಗಡೆಯಾದವರ ಮುಂದೆ ಈಗ ಬೇರೊಂದು ಕಷ್ಟ ಎದುರಾಯಿತು. ಊರಿಗೆ ಮರಳಬಹುದಿತ್ತು, ಆದರೆ ತಾವು ಯಾರೆಂದು ಹೇಳಿಕೊಂಡು ಮರಳುವುದು? ಬಲವಂತದ ಮತಾಂತರದ ನಂತರ ಅವರು ಇನ್ನೂ ಕ್ರೈಸ್ತರೇ? ಅವರ ಮಕ್ಕಳು ಯಾರು?

'ದೊಡ್ಡ ಸ್ವಾಮಿಯವರು'

ಈ ಸಮುದಾಯವನ್ನು ಮತ್ತೆ ಕಟ್ಟಲು ಬಂದವರು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಗುರು ಝಾನ್ ಆಂತ್ವಾನ್ ದುಬಾಯ್. ಆಗ ಶ್ರೀರಂಗಪಟ್ಟಣದ ಆಡಳಿತ ಹೊತ್ತಿದ್ದ, ಮುಂದೆ ವೆಲಿಂಗ್ಟನ್ ಡ್ಯೂಕ್ ಎಂದು ಪ್ರಸಿದ್ಧನಾದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಶಿಫಾರಸಿನಂತೆ ಅವರನ್ನು ಕರೆಸಲಾಯಿತು ಎಂದು ದಾಖಲಾಗಿದೆ. ಪೇಟ ಸುತ್ತಿ, ನಿಲುವಂಗಿ ತೊಟ್ಟು, ಈ ನಾಡಿನವರ ಆಹಾರಕ್ರಮವನ್ನೇ ಅನುಸರಿಸಿದ ಅವರನ್ನು ಜನ 'ದೊಡ್ಡ ಸ್ವಾಮಿಯವರು' ಎಂದು ಕರೆದರು.

ದುಬಾಯ್ ಫ್ರಾನ್ಸ್ ಬಿಟ್ಟದ್ದು 1792ರಲ್ಲಿ, ಮಹಾಕ್ರಾಂತಿಯ ಗಲಭೆಯ ನಡುವೆ. ಅಲ್ಲಿನ ಕ್ರಾಂತಿಕಾರಿ ಸರ್ಕಾರ ಗುರುಗಳೆಲ್ಲರೂ ಹೊಸ ಧಾರ್ಮಿಕ ಸಂವಿಧಾನಕ್ಕೆ ಪ್ರಮಾಣ ಮಾಡಬೇಕೆಂದು ವಿಧಿಸಿತ್ತು. 1791ರಲ್ಲಿ ಪೋಪ್ ಆರನೇ ಪಿಯೂಸ್ ಆ ಸಂವಿಧಾನವನ್ನು ಪಾಷಂಡ ತತ್ವಗಳಿಂದ ಕೂಡಿದ್ದೆಂದೂ ಒಡಕಿನದೆಂದೂ ಖಂಡಿಸಿದರು. ಪ್ರಮಾಣ ಮಾಡಿದ ಗುರುಗಳು, ಮಾಡದ ಗುರುಗಳು ಎಂದು ಫ್ರಾನ್ಸಿನ ಧರ್ಮಸಭೆ ಎರಡಾಯಿತು. ಒತ್ತಡಕ್ಕೆ ಮಣಿದವರನ್ನು ಮತ್ತೆ ಹೇಗೆ ಸೇರಿಸಿಕೊಳ್ಳುವುದು ಎಂಬ ಚರ್ಚೆ ಅಲ್ಲಿಯೂ ನಡೆಯುತ್ತಿದ್ದ ಕಾಲದಲ್ಲೇ ದುಬಾಯ್ ಕಾವೇರಿ ತೀರದಲ್ಲಿ ಅದೇ ಪ್ರಶ್ನೆಗೆ ಮುಖಾಮುಖಿಯಾದರು.

ಕ್ರಾಂತಿಯ ಗಾಳಿ ಇಲ್ಲಿಗೂ ತಲುಪಿತ್ತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಗೆ 'ಫ್ರೆಂಚ್ ರಾಕ್ಸ್' ಎಂಬ ಹೆಸರು ಬಂದಿತ್ತು. ಅದೇ ಇಂದಿನ ಪಾಂಡವಪುರ. 1797ರಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚರು ಜಾಕೊಬಿನ್ ಕ್ಲಬ್ಬನ್ನು ಸ್ಥಾಪಿಸಿದ್ದರು.

ಸೆರೆಯಾದವರ ಬಗ್ಗೆ ದುಬಾಯ್ ಬರೆದ ಮಾತುಗಳು ಮೃದುವಾಗಿಲ್ಲ. ಸಾವಿರಾರು ಜನರಲ್ಲಿ ಒಬ್ಬರಾದರೂ ಧರ್ಮಕ್ಕಾಗಿ ಪ್ರಾಣ ಕೊಡುವ ಧೈರ್ಯ ತೋರಲಿಲ್ಲವಲ್ಲ ಎಂದು 1823ರಲ್ಲಿ ಪ್ರಕಟವಾದ, ಭಾರತದ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ತಮ್ಮ ಪತ್ರಗಳಲ್ಲಿ ಅವರು ಕಟುವಾಗಿ ಟೀಕಿಸಿದ್ದಾರೆ. ಮಂಗಳೂರು ಕಥೋಲಿಕರು ಉಳಿಸಿಕೊಂಡು ಬಂದಿರುವ ನೆನಪು ಇದಕ್ಕಿಂತ ಭಿನ್ನವಾಗಿದ್ದು, ಅದರಲ್ಲಿ ಸೆರೆಯ ನೋವಿಗೂ ಸಹನೆಗೂ ದೊಡ್ಡ ಸ್ಥಾನವಿದೆ.

ಆದರೆ ಬರಹದಲ್ಲಿ ನೊವೇಷಿಯನ್‌ನಷ್ಟು ಕಠೋರವಾಗಿ ಕಾಣುವ ದುಬಾಯ್, ಕಾರ್ಯದಲ್ಲಿ ಸಿಪ್ರಿಯನ್ ಅವರ ದಾರಿಯನ್ನೇ ಹಿಡಿದರು. ತಾವು ಹೊರಗೆ ಮಾತ್ರ ಧರ್ಮ ಬಿಟ್ಟೆವು, ಒಳಗೆ ವಿಶ್ವಾಸವನ್ನು ಕಾಪಾಡಿಕೊಂಡೆವು ಎಂದು ಹೇಳಿ ಬಂದವರಿಗೆ ಬಾಗಿಲು ತೆರೆದರು. ಸುಮಾರು 2,000 ಜನ ತಮ್ಮ ಬಳಿಗೆ ಬಂದರೆಂದೂ 20 ಸಾವಿರದಷ್ಟು ಮಂದಿ ಮಂಗಳೂರು ಸೀಮೆಗೆ ಮರಳಿ ತಮ್ಮ ಚರ್ಚ್‌ಗಳನ್ನು ಮತ್ತೆ ಕಟ್ಟಿಕೊಂಡರೆಂದೂ ಅವರೇ ಬರೆದಿದ್ದಾರೆ. ಕೆಲವು ದಾಖಲೆಗಳು ಶ್ರೀರಂಗಪಟ್ಟಣದ ಸಂಖ್ಯೆಯನ್ನು 1,800 ಎನ್ನುತ್ತವೆ.

ಧರ್ಮಸಭೆಯ ಕ್ರಮದಂತೆ ಇಂತಹವರಿಗೆ ಎರಡನೆಯ ಬಾರಿ ದೀಕ್ಷಾಸ್ನಾನ ನೀಡುವಂತಿಲ್ಲ. ಮೊದಲನೆಯದು ಅಳಿದಿಲ್ಲವಾದ್ದರಿಂದ ಪಾಪನಿವೇದನೆ ಮತ್ತು ಪ್ರಾಯಶ್ಚಿತ್ತವೇ ಅವರಿಗೆ ಮಾರ್ಗ. ಸೆರೆಯಲ್ಲಿ ಹುಟ್ಟಿ ದೀಕ್ಷಾಸ್ನಾನವಿಲ್ಲದೆ ಬೆಳೆದ ಮಕ್ಕಳಿಗೆ ಮಾತ್ರ ಅದು ಮೊದಲ ದೀಕ್ಷೆ. ಹಿಂದೊಮ್ಮೆ ಡೊನಾಟಿಸ್ಟರೊಡನೆ ನಡೆದ ತಲೆಮಾರುಗಳ ವಾದ ಇಲ್ಲಿ ಸದ್ದಿಲ್ಲದೆ ಉಪಯೋಗಕ್ಕೆ ಬಂತು.

ಮರಳಿ ಬಂದವರಿಗೆ ಸಂಸ್ಕಾರದಷ್ಟೇ ಅನ್ನವೂ ಬೇಕಿತ್ತು. ಹಾಸನ ಸಮೀಪದ ಸಾತಳ್ಳಿಯಲ್ಲಿ ದುಬಾಯ್ ಕೃಷಿ ಕುಟುಂಬಗಳನ್ನು ನೆಲೆಗೊಳಿಸಿದರು. ಸಿಡುಬಿನ ವಿರುದ್ಧ ಲಸಿಕೆ ಹಾಕುವ ಕೆಲಸದಲ್ಲೂ ತೊಡಗಿದರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ಪಗೋಡಗಳಿಗೆ ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. 1823ರಲ್ಲಿ ಭಾರತ ಬಿಟ್ಟ ಅವರು 1848ರಲ್ಲಿ ಪ್ಯಾರಿಸ್‌ನಲ್ಲಿ ನಿಧನರಾದರು.

ಜುಟ್ಟು, ಗಂಧ ಪಾಷಂಡವೇ?

ದುಬಾಯ್ ಅವರಿಗಿಂತ ಒಂದೂವರೆ ಶತಮಾನ ಮೊದಲೇ ಶ್ರೀರಂಗಪಟ್ಟಣ ಇನ್ನೊಂದು ಬಗೆಯ ವಿವಾದದ ಅಂಚಿನಲ್ಲಿತ್ತು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1648ರ ವೇಳೆಗೆ, ಇಟಲಿಯ ಜೆಸುಯಿಟ್ ಗುರು ಲಿಯೊನಾರ್ಡೊ ಚಿನ್ನಾಮಿ ಇಲ್ಲಿಗೆ ಬಂದು ಮೈಸೂರು ಮಿಷನ್ ಆರಂಭಿಸಿದರು. ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಮಧುರೈಯಲ್ಲಿ ರಾಬರ್ಟ್ ದೆ ನೊಬಿಲಿ ಹಾಕಿಕೊಟ್ಟ ಮಾದರಿಯಂತೆ ಸಂನ್ಯಾಸಿಯ ವೇಷದಲ್ಲಿ ಬಾಳುವುದು ಈ ಮಿಷನ್ನಿನ ಗುರುಗಳ ಕ್ರಮವಾಗಿತ್ತು.

ಹೊಸದಾಗಿ ಕ್ರೈಸ್ತನಾದವನು ಜುಟ್ಟು ಬಿಡಬಹುದೇ, ಜನಿವಾರ ಧರಿಸಬಹುದೇ, ಗಂಧ ಹಚ್ಚಬಹುದೇ? ಇವು ಕುಲಾಚಾರವಷ್ಟೇ, ಮೂಢನಂಬಿಕೆಯ ಅಂಶ ತೆಗೆದರೆ ತಪ್ಪಿಲ್ಲ ಎಂದು 1623ರಲ್ಲಿ ಪೋಪ್ ಹದಿನೈದನೇ ಗ್ರೆಗರಿ ಅನುಮತಿ ನೀಡಿದರು. ಆದರೆ ಪುದುಚೇರಿಗೆ ಬಂದ ಪೋಪ್ ಪ್ರತಿನಿಧಿ ತೂರ್ನೋ 1704ರಲ್ಲಿ ಹಲವು ಆಚರಣೆಗಳನ್ನು ನಿಷೇಧಿಸಿದರು. 40 ವರ್ಷಗಳ ಜಗಳದ ನಂತರ, 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಆ ನಿಷೇಧವನ್ನು ಬಹುಮಟ್ಟಿಗೆ ಸ್ಥಿರಗೊಳಿಸಿದರು. ಇಲ್ಲಿಗೆ ಬರುವ ಮಿಷನರಿಗಳು ನಿಷೇಧಕ್ಕೆ ಬದ್ಧರಾಗಿರುವುದಾಗಿ ಪ್ರಮಾಣ ಮಾಡಬೇಕಿತ್ತು. ಆ ಪ್ರಮಾಣ ರದ್ದಾದದ್ದು 1940ರಲ್ಲಿ. ಈ ಕಟ್ಟುನಿಟ್ಟಿನಿಂದ ಧರ್ಮಪ್ರಚಾರಕ್ಕೆ ಹಿನ್ನಡೆಯಾಯಿತು ಎಂಬುದು ದುಬಾಯ್ ಅವರ ಅಭಿಪ್ರಾಯವೂ ಆಗಿತ್ತು.

ಗೋವೆಯಲ್ಲಿ ಈ ಪ್ರಶ್ನೆ ಇನ್ನೂ ಕ್ರೂರ ರೂಪ ತಳೆಯಿತು. 1560ರಲ್ಲಿ ಆರಂಭವಾದ ಅಲ್ಲಿನ ಇನ್‌ಕ್ವಿಸಿಷನ್ ನ್ಯಾಯಾಲಯ, ಮಧ್ಯೆ ಕೆಲವು ವರ್ಷ ಸ್ಥಗಿತಗೊಂಡಿದ್ದರೂ, 1812ರವರೆಗೆ ಉಳಿಯಿತು. ದೀಕ್ಷಾಸ್ನಾನ ಪಡೆದ ನಂತರವೂ ಹಳೆಯ ಆಚಾರ ಬಿಡದವರು ಅದರ ಮುಖ್ಯ ಗುರಿಗಳಲ್ಲಿ ಸೇರಿದ್ದರು. 1736ರ ಆಜ್ಞೆಯೊಂದು ಮದುವೆ ಮುಂತಾದ ಸಂದರ್ಭಗಳ ಅನೇಕ ಪದ್ಧತಿಗಳನ್ನೇ ನಿಷೇಧಿಸಿತು. ಬರಗಾಲ, ತೆರಿಗೆ, ಮರಾಠರ ದಾಳಿಗಳ ಜೊತೆಗೆ ಈ ನ್ಯಾಯಾಲಯದ ಭೀತಿಯೂ ಹಲವು ಕುಟುಂಬಗಳು ಗೋವೆ ಬಿಟ್ಟು ಕೆನರಾಕ್ಕೆ ಬರಲು ಕಾರಣವಾಯಿತು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಅಂದರೆ 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಬಂದವರಲ್ಲಿ, ತಮ್ಮದೇ ಧರ್ಮದ ನ್ಯಾಯಾಲಯಕ್ಕೆ ಹೆದರಿ ಊರು ಬಿಟ್ಟವರ ವಂಶಸ್ಥರೂ ಇದ್ದರು.

ಮಂಡ್ಯದಲ್ಲಿ ಎರಡು ಧರ್ಮಪ್ರಾಂತ್ಯ

ಒಂದು ಕಾಲದಲ್ಲಿ ಪಾಷಂಡವೆಂದು ಶಂಕಿಸಿದ್ದು ಮುಂದೆ ಹಾಗಲ್ಲ ಎಂದು ತಿಳಿದ ಉದಾಹರಣೆಗೂ ಈ ನಾಲ್ಕು ತಾಲ್ಲೂಕುಗಳ ನಂಟಿದೆ. 431ರ ಎಫೆಸಸ್ ಮಹಾಸಭೆ ನೆಸ್ಟೋರಿಯಸ್‌ನನ್ನು ಖಂಡಿಸಿತು. ಮರಿಯ 'ಕ್ರಿಸ್ತಮಾತೆ'ಯೇ ಹೊರತು 'ದೇವಮಾತೆ' ಎನ್ನುವುದು ಸರಿಯಲ್ಲ ಎಂದು ಆತ ವಾದಿಸಿದ್ದ. ಇದರಿಂದ ಕ್ರಿಸ್ತನೊಬ್ಬನೇ ಎಂಬ ನಂಬಿಕೆಗೆ ಧಕ್ಕೆಯಾಗುತ್ತದೆ ಎಂದು ಸಭೆ ಭಾವಿಸಿತು. ಕನ್ನಡ ಕಥೋಲಿಕರು ನಿತ್ಯ ಪ್ರಾರ್ಥನೆಯಲ್ಲಿ ಬಳಸುವ 'ದೇವಮಾತೆ' ಎಂಬ ಪದದ ಹಿಂದೆ ಈ ಕದನವಿದೆ.

ಕೇರಳದ ಸಂತ ತೋಮಸರ ಕ್ರೈಸ್ತರು ಪರ್ಷಿಯಾ ಮೂಲದ ಪೂರ್ವ ಧರ್ಮಸಭೆಯಿಂದ ಧರ್ಮಾಧ್ಯಕ್ಷರನ್ನು ಪಡೆಯುತ್ತಿದ್ದ ಕಾರಣ ಅವರ ಮೇಲೂ ನೆಸ್ಟೋರಿಯನ್ ಎಂಬ ಶಂಕೆ ಬಿತ್ತು. 1599ರಲ್ಲಿ ಗೋವೆಯ ಮಹಾಧರ್ಮಾಧ್ಯಕ್ಷ ಮೆನೆಸೆಸ್ ಉದಯಂಪೇರೂರಿನಲ್ಲಿ ಸಭೆ ಕರೆದು ಅವರ ಸಿರಿಯಾಕ್ ಗ್ರಂಥಗಳನ್ನು ತಿದ್ದಿಸಿದರು, ಅನೇಕವನ್ನು ಸುಡಿಸಿದರು. ಈ ಒತ್ತಡದ ಫಲವಾಗಿ 1653ರಲ್ಲಿ ಮಟ್ಟಾಂಚೇರಿಯಲ್ಲಿ ಪ್ರಸಿದ್ಧ ಕೂನನ್ ಶಿಲುಬೆ ಪ್ರತಿಜ್ಞೆ ನಡೆದು ಸಮುದಾಯ ಒಡೆಯಿತು. ಅದರ ಒಂದು ಭಾಗ ರೋಮ್‌ನೊಡನೆ ಉಳಿಯಿತು. ಅದೇ ಇಂದಿನ ಸಿರೋ-ಮಲಬಾರ್ ಧರ್ಮಸಭೆ. 1994ರ ನವೆಂಬರ್ 11ರಂದು ಪೋಪ್ ಎರಡನೇ ಜಾನ್ ಪಾಲ್ ಮತ್ತು ಪೂರ್ವ ಅಸ್ಸೀರಿಯ ಧರ್ಮಸಭೆಯ ಮುಖ್ಯಸ್ಥ ನಾಲ್ಕನೇ ಮಾರ್ ದಿನ್ಖಾ ಜಂಟಿ ಘೋಷಣೆಗೆ ಸಹಿ ಹಾಕಿ, ಕ್ರಿಸ್ತನ ವಿಷಯದಲ್ಲಿ ಎರಡೂ ಕಡೆಯವರ ವಿಶ್ವಾಸ ಒಂದೇ, ಬಳಸಿದ ಪದಗಳು ಬೇರೆ ಎಂದು ಒಪ್ಪಿಕೊಂಡರು. 1,500 ವರ್ಷಗಳ ಹಿಂದಿನ ಜಗಳದಲ್ಲಿ ಪರಸ್ಪರರ ಮಾತು ಅರ್ಥವಾಗದೇ ಹೋದದ್ದೂ ಒಂದು ಕಾರಣವಾಗಿತ್ತು ಎಂಬುದು ಇದರ ಸಾರಾಂಶ.

2010ರಲ್ಲಿ ಸಿರೋ-ಮಲಬಾರ್ ಧರ್ಮಸಭೆ ಮಂಡ್ಯದ ಹೆಸರಿನಲ್ಲೇ ಧರ್ಮಪ್ರಾಂತ್ಯವೊಂದನ್ನು ಸ್ಥಾಪಿಸಿತು. ಲ್ಯಾಟಿನ್ ಪದ್ಧತಿಯ ಮೈಸೂರು ಧರ್ಮಪ್ರಾಂತ್ಯದ ವ್ಯಾಪ್ತಿಗೂ ಇದೇ ಜಿಲ್ಲೆ ಸೇರಿದೆ. ಹೀಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ಪೂಜಾಕ್ರಮ ಬೇರೆಯಾದ, ವಿಶ್ವಾಸ ಒಂದೇ ಆದ ಎರಡು ಕಥೋಲಿಕ ವ್ಯವಸ್ಥೆಗಳು ಒಟ್ಟಿಗೆ ಇವೆ.

ಬೆಂಕಿಯಿಂದ ಕ್ಷಮೆಯತ್ತ

ಪಾಷಂಡವಾದದ ಇತಿಹಾಸವನ್ನು ಹೇಳುವಾಗ ಅದರ ಹೆಸರಿನಲ್ಲಿ ನಡೆದ ಹಿಂಸೆಯನ್ನು ಬಿಡುವಂತಿಲ್ಲ. ಡೊನಾಟಿಸ್ಟರ ವಿರುದ್ಧ ಸಾಮ್ರಾಜ್ಯದ ಬಲಪ್ರಯೋಗವನ್ನು ಅಗಸ್ಟಿನ್ ಕೊನೆಗೆ ಸಮರ್ಥಿಸಿದರು. ಮುಂದಿನ ಶತಮಾನಗಳು ಆ ಸಮರ್ಥನೆಯನ್ನು ಧಾರಾಳವಾಗಿ ಬಳಸಿಕೊಂಡವು. 385ರ ಸುಮಾರಿಗೆ ಸ್ಪೇನಿನ ಪ್ರಿಸಿಲಿಯನ್‌ಗೆ ಟ್ರಿಯರ್‌ನಲ್ಲಿ ಮರಣದಂಡನೆಯಾದಾಗ ಸಂತ ಮಾರ್ಟಿನ್ ಅದನ್ನು ವಿರೋಧಿಸಿದ್ದರು. ಆದರೆ 1209ರಲ್ಲಿ ದಕ್ಷಿಣ ಫ್ರಾನ್ಸಿನ ಕ್ಯಾಥರ್ ಪಂಥದ ವಿರುದ್ಧ ಧರ್ಮಯುದ್ಧವೇ ನಡೆಯಿತು. 1415ರಲ್ಲಿ ಕಾನ್‌ಸ್ಟನ್ಸ್ ನಗರದಲ್ಲಿ ಯಾನ್ ಹುಸ್‌ನನ್ನು ಸುಡಲಾಯಿತು.

20ನೇ ಶತಮಾನದಲ್ಲಿ ನಿಲುವು ಬದಲಾಯಿತು. ಬೇರ್ಪಟ್ಟ ಕ್ರೈಸ್ತ ಸಮುದಾಯಗಳಲ್ಲಿ ಹುಟ್ಟಿ ಬೆಳೆದವರ ಮೇಲೆ ಬೇರ್ಪಡೆಯ ಪಾಪವನ್ನು ಹೊರಿಸುವಂತಿಲ್ಲ ಎಂದು 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿತು. ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಕೂಡದು ಎಂದು 1965ರಲ್ಲಿ ಘೋಷಿಸಿತು. ಹುಸ್‌ನ ಕ್ರೂರ ಸಾವಿಗೆ 1999ರಲ್ಲಿ ವಿಷಾದ ವ್ಯಕ್ತಪಡಿಸಿದ ಪೋಪ್ ಎರಡನೇ ಜಾನ್ ಪಾಲ್, 2000ದ ಮಾರ್ಚ್ 12ರಂದು ಸತ್ಯದ ಸೇವೆಯ ಹೆಸರಿನಲ್ಲಿ ಎಸಗಿದ ಹಿಂಸೆಗಾಗಿ ದೇವರ ಕ್ಷಮೆ ಯಾಚಿಸಿದರು. ಪಾಷಂಡವಾದ ಎಂಬ ಪದ ಕಾನೂನಿನಲ್ಲಿ ಉಳಿದಿದೆ. ಸಜೀವ ದಹನದ ಕಂಬ ಉಳಿದಿಲ್ಲ.

ಮರಳಿ ಬಂದವರ ಹೆಸರುಗಳು ಗಂಜಾಂಗೆ ಬರುವ ಪ್ರವಾಸಿಗರಿಗೆ ತಿಳಿಯುವುದಿಲ್ಲ. ಅವರಲ್ಲಿ ಎಷ್ಟು ಜನ ನಿಜವಾಗಿಯೂ ಒಳಗೊಳಗೇ ವಿಶ್ವಾಸ ಉಳಿಸಿಕೊಂಡಿದ್ದರು, ಎಷ್ಟು ಜನ ಕಾಲ ಬದಲಾದದ್ದನ್ನು ಕಂಡು ಬಂದರು ಎಂಬುದನ್ನು ತೂಗಿ ನೋಡುವ ಸಾಧನ ದುಬಾಯ್ ಬಳಿ ಇರಲಿಲ್ಲ. ಸಿಪ್ರಿಯನ್ ಬಳಿಯೂ ಇರಲಿಲ್ಲ. ಹಾಗೆ ತೂಗಲೇಬೇಕು ಎಂದು ಹಟ ಹಿಡಿದ ನೊವೇಷಿಯನ್‌ನ 'ಶುದ್ಧರ' ಪಂಥ ಕೆಲವು ಶತಮಾನ ಬಾಳಿ ಇಲ್ಲವಾಯಿತು. ಬಂದವರನ್ನು ನಂಬಿ ಸೇರಿಸಿಕೊಂಡ ಕಡೆಗಳಲ್ಲಿ, ಶ್ರೀರಂಗಪಟ್ಟಣದಿಂದ ಮಂಗಳೂರಿನವರೆಗೆ, ಆ ಜನರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದಿಗೂ ಭಾನುವಾರದ ಪೂಜೆಗೆ ಬರುತ್ತಿದ್ದಾರೆ.